ತೆಗೆದದ್ದೆಷ್ಟು, ಉಳಿದದ್ದೆಷ್ಟು

ಯಕೃತ್ತಿಗೆ ಚಾಕು ಹಾಕಲು ಶಸ್ತ್ರವೈದ್ಯರು ಬಹುಕಾಲ ಹೆದರಿದ್ದು ರಕ್ತಕ್ಕೆ. ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಹಾದುಹೋಗುವ ಈ ಅಂಗ ಎಷ್ಟು ಮೆತ್ತಗೆಂದರೆ, ಹೊಲಿಗೆ ಹಾಕಿದರೆ ದಾರವೇ ಅದನ್ನು ಸೀಳುತ್ತದೆ. 1888ರಲ್ಲಿ ಜರ್ಮನಿಯ ಕಾರ್ಲ್ ಲಾಂಗೆನ್‌ಬುಖ್ ಎಡಹಾಲೆಯ ಗೆಡ್ಡೆಯೊಂದನ್ನು ತೆಗೆದ ವರದಿ ಪ್ರಕಟಿಸಿದರು. ಆ ರೋಗಿಯೂ ರಕ್ತಸ್ರಾವದಿಂದಾಗಿ ಮತ್ತೊಮ್ಮೆ ಮೇಜಿನ ಮೇಲೆ ಮಲಗಬೇಕಾಯಿತು. 1908ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಪ್ರಿಂಗಲ್, ಯಕೃತ್ತಿಗೆ ರಕ್ತ ತರುವ ನಾಳಗಳನ್ನು ಬೆರಳಿನಿಂದ ಒತ್ತಿ ಹಿಡಿಯುವ ಉಪಾಯ ಬರೆದರು. ಅದು ಇಂದಿಗೂ ಬಳಕೆಯಲ್ಲಿದೆ.

1950ರ ದಶಕದಲ್ಲಿ ಪ್ಯಾರಿಸ್ಸಿನ ಕ್ಲೋಡ್ ಕ್ವೀನೋ ಯಕೃತ್ತನ್ನು ಎಂಟು ಖಂಡಗಳಾಗಿ ಗುರುತಿಸಿದರು. ಎಲ್ಲಿ ಕೊಯ್ದರೆ ಯಾವ ನಾಳ ಸಿಗುತ್ತದೆಂದು ಮೊದಲೇ ತಿಳಿಯುವಂತಾಯಿತು. ಆದರೂ 1977ರಲ್ಲಿ ಫಾಸ್ಟರ್ ಮತ್ತು ಬರ್ಮನ್ ಅಮೆರಿಕದ ಹಲವು ಆಸ್ಪತ್ರೆಗಳ ಲೆಕ್ಕ ಕಲೆಹಾಕಿದಾಗ, ದೊಡ್ಡ ಭಾಗ ತೆಗೆಸಿಕೊಂಡವರಲ್ಲಿ ಸುಮಾರು ಐವರಿಗೊಬ್ಬರು ಶಸ್ತ್ರಚಿಕಿತ್ಸೆಯ ಪರಿಣಾಮದಿಂದಲೇ ಸತ್ತಿದ್ದರು. ಇಂಥ ಲೆಕ್ಕ ಕಣ್ಣೆದುರಿಗಿರುವಾಗ ಎಪ್ಪತ್ತು ದಾಟಿದವರಿಗೆ ಅಂಗೈಯಗಲದ ಗೆಡ್ಡೆಯನ್ನು ತೆಗೆಯೋಣ ಎನ್ನುವ ಧೈರ್ಯ ಯಾರಿಗಿದ್ದೀತು?

ನಿಜವಾದ ತಿರುವು ಬಂದದ್ದು ಜಪಾನಿನಿಂದ ಎಂದು ನನ್ನ ಎಣಿಕೆ. ಅಲ್ಲಿಯ ರೋಗಿಗಳಲ್ಲಿ ಬಹಳ ಮಂದಿಗೆ ಯಕೃತ್ತು ಕಲೆಗಟ್ಟಿ ಗಡಸಾಗುವ ಸಿರೋಸಿಸ್ ಇತ್ತು. ಗೆಡ್ಡೆ ತೆಗೆದರೂ ಉಳಿದ ಯಕೃತ್ತು ಕೈಕೊಡುತ್ತಿತ್ತು. ಹಾಗಾಗಿ ಅಲ್ಲಿಯವರು ತೆಗೆಯುವ ಭಾಗಕ್ಕಿಂತ ಉಳಿಯುವ ಭಾಗವನ್ನು ಅಳೆಯುವುದನ್ನು ಕಲಿತರು. ಹಸಿರು ಬಣ್ಣದ ದ್ರವವೊಂದನ್ನು ರಕ್ತಕ್ಕೆ ಬಿಟ್ಟು, ಯಕೃತ್ತು ಅದನ್ನು ಎಷ್ಟು ಬೇಗ ಹೊರಹಾಕುತ್ತದೆಂದು ನೋಡಿದರು. ಮಸಾತೋಶಿ ಮಕೂಚಿ ಶಸ್ತ್ರಚಿಕಿತ್ಸೆಯ ನಡುವೆಯೇ ಅಲ್ಟ್ರಾಸೌಂಡ್ ಬಳಸಿದರು. ತೆಗೆಯಬೇಕಾದ ಭಾಗಕ್ಕೆ ಹೋಗುವ ಪೋರ್ಟಲ್ ರಕ್ತನಾಳವನ್ನು ಕೆಲವು ವಾರ ಮೊದಲೇ ಮುಚ್ಚಿ, ಉಳಿಯಲಿರುವ ಭಾಗ ಬೆಳೆಯುವಂತೆ ಮಾಡುವ ಕ್ರಮವನ್ನೂ ಬಳಕೆಗೆ ತಂದರು. ಯಕೃತ್ತು ಆರೋಗ್ಯವಾಗಿದ್ದರೆ ಕಾಲು ಭಾಗ ಉಳಿದರೂ ಸಾಕಾಗಬಹುದು. ಸಿರೋಸಿಸ್ ಇದ್ದರೆ ಶೇ. 40ರಷ್ಟಾದರೂ ಬೇಕು ಎಂಬುದು ಈಗ ರೂಢಿಯ ಲೆಕ್ಕ.

ವಯಸ್ಸಾದವರಿಗೆ ಉಳಿಯುವ ಭಾಗವನ್ನು ಅಳೆಯುವ ಈ ಕ್ರಮದಷ್ಟು ಉಪಕಾರವಾದ ವಿಚಾರ ಬೇರೊಂದಿಲ್ಲ. ವಯಸ್ಸಾದಂತೆ ಯಕೃತ್ತು ಕುಗ್ಗುತ್ತದೆ, ಅದರೊಳಗಿನ ರಕ್ತಸಂಚಾರ ಇಳಿಯುತ್ತದೆ, ಮತ್ತೆ ಬೆಳೆಯುವ ಶಕ್ತಿ ಇದ್ದರೂ ನಿಧಾನವಾಗುತ್ತದೆ. 1995ರಲ್ಲಿ ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ತಂಡ, ಎಪ್ಪತ್ತು ದಾಟಿದವರಲ್ಲೂ ಯಕೃತ್ತಿನ ಶಸ್ತ್ರಚಿಕಿತ್ಸೆಯ ಸಾವು ಶೇ. 4ರ ಆಸುಪಾಸಿನಲ್ಲಿದೆ ಎಂದು ತೋರಿಸಿತು. ಅಲ್ಲಿಂದಾಚೆಗೆ ವಯಸ್ಸೊಂದೇ ಅಡ್ಡಿಯಲ್ಲ ಎಂಬ ವಾಕ್ಯ ಲೇಖನದಿಂದ ಲೇಖನಕ್ಕೆ ಹರಿದುಬಂದಿದೆ.

ಈ ವಾಕ್ಯವನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಇಂಥ ಅಧ್ಯಯನಗಳಲ್ಲಿರುವುದು ವೈದ್ಯರು ಆರಿಸಿಕೊಂಡ ಹಿರಿಯರು. ಹೃದಯ, ಮೂತ್ರಪಿಂಡ ನೋಡಿ ಬೇಡವೆಂದು ವಾಪಸು ಕಳಿಸಿದವರು ಆ ಕೋಷ್ಟಕಗಳಲ್ಲಿ ಕಾಣುವುದಿಲ್ಲ.

ಹತ್ತು ಸೆಂಟಿಮೀಟರ್ ಮೀರಿದ ಗೆಡ್ಡೆಯ ಕಷ್ಟವೇ ಬೇರೆ. ಬಲಹಾಲೆಯನ್ನು ತಿರುಗಿಸಿ ಹೊರತರುವಾಗ ಗೆಡ್ಡೆ ಒಡೆಯಬಹುದು, ಮಹಾಸಿರೆ ಮಡಚಿ ರಕ್ತದೊತ್ತಡ ಕುಸಿಯಬಹುದು. ಮುದಿ ಹೃದಯ ಇದನ್ನು ತಡೆಯುವುದು ಕಷ್ಟ. ಹಾಂಕಾಂಗ್ ತಂಡ ಗಟ್ಟಿಗೊಳಿಸಿದ ಮುಂಭಾಗದ ಮಾರ್ಗದಲ್ಲಿ ಯಕೃತ್ತನ್ನು ಅಲುಗಿಸದೆ ಎದುರಿನಿಂದಲೇ ಸೀಳುತ್ತಾರೆ. 2001ರಲ್ಲಿ ಫ್ರಾನ್ಸಿನ ಬೆಲ್ಗಿತಿ, ಯಕೃತ್ತಿನ ಹಿಂದೆ ಪಟ್ಟಿಯೊಂದನ್ನು ತೂರಿಸಿ ಎತ್ತಿಹಿಡಿದು ಕೊಯ್ಯುವ ವಿಧಾನ ಸೇರಿಸಿದರು. ಅರಿವಳಿಕೆ ತಜ್ಞರು ಸಿರೆಗಳ ಒತ್ತಡವನ್ನು ತಗ್ಗಿಸಿಟ್ಟು ರಕ್ತನಷ್ಟ ಕಡಿಮೆ ಮಾಡಿದ್ದೂ ಚಿಕ್ಕ ಸಂಗತಿಯಲ್ಲ, ಹೊಗಳಿಕೆ ಮಾತ್ರ ಅವರ ಪಾಲಿಗೆ ಕಡಿಮೆ.

2012ರಲ್ಲಿ ಜರ್ಮನಿಯಿಂದ ಬಂದ ಎರಡು ಹಂತದ ‘ಆಲ್ಪ್ಸ್’ (ALPPS) ಶಸ್ತ್ರಚಿಕಿತ್ಸಾ ವಿಧಾನ ಉಳಿಯುವ ಭಾಗವನ್ನು ಒಂದೆರಡು ವಾರದಲ್ಲೇ ಬೆಳೆಸಿ ಬೆರಗು ಹುಟ್ಟಿಸಿತು. ಆದರೆ ಮೊದಲ ಸರಣಿಯಲ್ಲೇ ಸಾವು ಶೇ. 12, ವಯಸ್ಸಾದವರಿಗೆ ಅಪಾಯ ಹೆಚ್ಚೆಂದು ಬಳಿಕ ಗೊತ್ತಾಯಿತು. ಈಗ ಹುಟ್ಟಿದ ವರ್ಷಕ್ಕಿಂತ ನಡಿಗೆಯ ವೇಗ, ಹಿಡಿತದ ಬಲ, ಸೊರಗಿದ ಸ್ನಾಯುಗಳನ್ನು ನೋಡುವ ಕೇಂದ್ರಗಳು ಹೆಚ್ಚುತ್ತಿವೆ. ಫಲಿತಾಂಶದ ಲೆಕ್ಕವಂತೂ ಇನ್ನೂ ತೊಂಬತ್ತು ದಿನ ಬದುಕಿದರೇ ಇಲ್ಲವೇ ಎಂಬಲ್ಲೇ ನಿಂತಿದೆ. ಆರು ತಿಂಗಳ ಮೇಲೆ ಶಸ್ತ್ರಚಿಕಿತ್ಸೆಯಾದ ಅಜ್ಜ ತಾನಾಗಿ ಸ್ನಾನ ಮಾಡಿಕೊಳ್ಳುತ್ತಾನೆಯೇ ಎಂದು ಬರೆದಿಟ್ಟ ವರದಿಗಳು ಕಡಿಮೆ.