ಲಹರಿ, ಮೋಜು, ಹುಡುಗಾಟ

ಮೈಸೂರಿನ ಸರಸ್ವತಿಪುರಂನ ವಿದ್ಯಾರ್ಥಿಗಳಿಗೆ ಕುಕ್ಕರಹಳ್ಳಿ ಕೆರೆಯ ಏರಿ ಹೊಸದೇನಲ್ಲ. ಪರೀಕ್ಷೆಗೆ ಓದುವವರೂ ಓದಿನಿಂದ ತಪ್ಪಿಸಿಕೊಳ್ಳುವವರೂ ಅಲ್ಲಿಗೇ ಬರುತ್ತಾರೆ. ಪುಸ್ತಕ ಮಡಿಚಿ ನೀರು ನೋಡುತ್ತ ಕುಳಿತವನನ್ನು ಕಂಡರೆ ಗೆಳೆಯರು 'ಯಾವುದೋ ಲಹರಿಯಲ್ಲಿದ್ದಾನೆ' ಎನ್ನುತ್ತಾರೆ. ಮನೆಯವರು ಕಂಡರೆ 'ಬರೀ ಹುಡುಗಾಟ' ಎನ್ನುತ್ತಾರೆ. ಕಂಡದ್ದು ಒಂದೇ, ಮಾತು ಎರಡು. ಒಂದರಲ್ಲಿ ಮೆಚ್ಚುಗೆಯಿದೆ, ಇನ್ನೊಂದರಲ್ಲಿ ಬೈಗುಳವಿದೆ. ಇದು ಹೇಗಾಯಿತೆಂದು ತಿಳಿಯಲು ಮಾತುಗಳ ಚರಿತ್ರೆಯನ್ನೇ ನೋಡಬೇಕು.

ಸಂಸ್ಕೃತದಲ್ಲಿ ಲಹರಿ ಎಂದರೆ ಅಲೆ. ಕನ್ನಡದಲ್ಲಿ ಅದು ಮನಸ್ಸಿನಲ್ಲಿ ತಾನಾಗಿ ಏಳುವ ಉಲ್ಲಾಸವಾಯಿತು; ಕಾಸರಗೋಡಿನ ಕನ್ನಡಿಗರ ನೆರೆಯ ಮಲಯಾಳದಲ್ಲಿ ಅದೇ ಪದಕ್ಕೆ ಅಮಲು ಎಂಬ ಅರ್ಥ ಬಂದಿದೆ. ಇನ್ನು ಮೋಜು. ಅರಬ್ಬಿಯ 'ಮೌಜ್' ಪಾರಸಿ, ಉರ್ದು, ಮರಾಠಿಗಳಲ್ಲಿ ಹರಿದಾಡಿ ನಮ್ಮಲ್ಲಿಗೆ ಬಂದಿತು. ಸ್ವಾರಸ್ಯವೇನೆಂದರೆ ಅರಬ್ಬಿಯಲ್ಲಿ ಅದರ ಅರ್ಥವೂ ಅಲೆಯೇ! ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಮನಸ್ಸಿನ ಉಲ್ಲಾಸವನ್ನು ಹೇಳಲು ನೀರಿನ ಕಡೆಗೇ ನೋಡಿವೆ. ನಮ್ಮ ಅಚ್ಚಗನ್ನಡವೂ ಹಿಂದೆ ಬಿದ್ದಿಲ್ಲ. 'ಅಲೆ' ನಾಮಪದವಾದರೆ ತೆರೆ, ಕ್ರಿಯಾಪದವಾದರೆ ಗೊತ್ತುಗುರಿಯಿಲ್ಲದೆ ತಿರುಗುವುದು. ತಮಿಳಿನಲ್ಲಿಯೂ ಹೀಗೆಯೇ.

ಹುಡುಗಾಟದ ಕಥೆ ಬೇರೆ. ಅದರೊಳಗಿರುವುದು 'ಆಟ'. ಬಯಲಾಟ, ದೊಡ್ಡಾಟ, ಸಣ್ಣಾಟಗಳಲ್ಲಿ ಇದೇ ಆಟ ಗೌರವದ ಕಲೆ. ಕರಾವಳಿಯಲ್ಲಿ ಬರಿದೆ 'ಆಟ' ಎಂದರೆ ಯಕ್ಷಗಾನವೆಂದೇ ಅರ್ಥ. ಹುಚ್ಚಾಟ, ತುಂಟಾಟ, ಚೆಲ್ಲಾಟಗಳಲ್ಲಿ ಮಾತ್ರ ಅದಕ್ಕೆ ಛೀಮಾರಿ. ವ್ಯಾಕರಣವನ್ನೂ ಗಮನಿಸಿ: ಲಹರಿ ತಾನಾಗಿ 'ಬರುತ್ತದೆ', ಹುಡುಗಾಟವನ್ನು ನಾವು 'ಆಡುತ್ತೇವೆ'. ಬಂದದ್ದಕ್ಕೆ ಯಾರನ್ನು ದೂರುವುದು? ಆಡಿದವನು ಸಿಕ್ಕಿಬೀಳುತ್ತಾನೆ.

ಅರಸರು ಆಡಿದರೆ ಮಾತೇ ಬೇರೆಯಾಗುತ್ತಿತ್ತು. 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ರಾಜನೀತಿಯ ಜೊತೆಗೆ ವಿನೋದಗಳಿಗೂ ಕ್ರೀಡೆಗಳಿಗೂ ಪ್ರತ್ಯೇಕ ವಿಭಾಗಗಳನ್ನೇ ಕೊಟ್ಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) 'ಶ್ರೀತತ್ತ್ವನಿಧಿ'ಯಲ್ಲಿ ಒಂದು ನಿಧಿಯ ಹೆಸರು 'ಕೌತುಕನಿಧಿ'. ಅದರ ವಿಷಯ ಆಟಗಳು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ಹುಡುಕುವುದು ಅವರಿಗೆ ಬಹು ಪ್ರಿಯವಾಗಿತ್ತು. ಇದರಿಂದ ರಾಜ್ಯಕ್ಕೆ ಏನು ಲಾಭವೆಂದು ಕೇಳಬಹುದು. ಲೆಕ್ಕ ಬಲ್ಲವರು ಇಂದಿಗೂ ಆ ಸಮಸ್ಯೆಯನ್ನು ಬಿಟ್ಟಿಲ್ಲ ಎಂಬುದಷ್ಟೇ ಉತ್ತರ. ಕುಕ್ಕರಹಳ್ಳಿ ಕೆರೆಯೂ ಅವರ ಕಾಲದ್ದೇ, 1864ರದು.

ಈ ಸಲಿಗೆ ಅರಮನೆಯಿಂದ ಸಾಮಾನ್ಯ ಓದುಗರ ಮನೆಗೆ ಬಂದದ್ದು 20ನೆಯ ಶತಮಾನದಲ್ಲಿ, ಅಚ್ಚಿನ ಮೂಲಕ. ವೃತ್ತಿಯಿಂದ ವೈದ್ಯರಾಗಿದ್ದ ರಾಶಿ, ಎಂದರೆ ಡಾ. ಎಂ. ಶಿವರಾಂ, 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿ 1967ರವರೆಗೆ ನಡೆಸಿದರು. ಮಹಾರಾಜಾ ಕಾಲೇಜಿನ ವಿದ್ಯಾರ್ಥಿ ಆರ್. ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರಗಳನ್ನು ಬರೆದರು. ತರಗತಿಯ ನೋಟ್‌ಪುಸ್ತಕದ ಅಂಚಿನಲ್ಲಿ ಬರೆದಿದ್ದರೆ ಬಹುಶಃ ಅದೂ ಹುಡುಗಾಟವೇ ಆಗುತ್ತಿತ್ತು.

ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎನ್. ಮೂರ್ತಿರಾಯರು ಲಲಿತ ಪ್ರಬಂಧಗಳನ್ನು ಬರೆದಾಗ ಹೆಸರಿಗಾಗಿ ಹೆಚ್ಚು ಹುಡುಕಲಿಲ್ಲ. ಒಂದು ಸಂಕಲನ 'ಹಗಲುಗನಸುಗಳು'. ಹಗಲುಗನಸು ಕಾಣುವುದು ಸೋಮಾರಿಯ ಲಕ್ಷಣವೆಂದು ಬೈಯುತ್ತಿದ್ದ ಮಾತನ್ನೇ ಅವರು ಮುಖಪುಟಕ್ಕೆ ಏರಿಸಿದರು. ಇನ್ನೊಂದು ಸಂಕಲನದ ಹೆಸರು 'ಅಲೆಯುವ ಮನ'. ಇಲ್ಲಿ ಸಂಸ್ಕೃತದ ಲಹರಿಯೂ ಇಲ್ಲ, ಅರಬ್ಬಿಯ ಮೋಜೂ ಇಲ್ಲ, ಕನ್ನಡದ ಅಲೆಯೇ ಇದೆ.