ದಾಖಲಾತಿ ಪುಸ್ತಕ ಮತ್ತು ಗಡಿನಾಡಿನ ಕನ್ನಡ ಶಾಲೆ

ಗ್ರಾಮಶಾಲೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ದೊರೆಯುವ ಆಕರ ಅದರ ದಾಖಲಾತಿ ಪುಸ್ತಕ. ಈ ಆಕರವನ್ನು ಎಚ್ಚರದಿಂದ ಓದಬೇಕೆಂಬುದಕ್ಕೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ ಜತ್ತ ತಾಲೂಕಿನ ಕನ್ನಡ ಶಾಲೆಗಳು ತಕ್ಕ ನಿದರ್ಶನವಾಗಿವೆ.

ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿಯೂ ಅತ್ತಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಉಮದಿ, ಸಂಖ ಮೊದಲಾದ ಊರುಗಳಲ್ಲಿ ಕನ್ನಡವು ಮನೆಮಾತು, ಆಡಳಿತದ ಭಾಷೆ ಮರಾಠಿ. ಇಂತಹ ಪ್ರದೇಶಗಳಿಗೆ ಅನ್ವಯಿಸುವ ಸೂತ್ರವನ್ನು 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವು ರೂಪಿಸಿತ್ತು: ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಬೋಧಿಸಲು ಶಿಕ್ಷಕರನ್ನು ಒದಗಿಸತಕ್ಕದ್ದು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಮಾತೃಭಾಷಾ ಶಿಕ್ಷಣದ ಹೊಣೆಯನ್ನು ರಾಜ್ಯಗಳಿಗೆ ವಹಿಸಿತು. ಆದರೂ ವ್ಯವಹಾರದಲ್ಲಿ ಹಕ್ಕು ತಲೆಯೆಣಿಕೆಗೆ ಕಟ್ಟುಬಿದ್ದಿತು.

ತಲೆಯೆಣಿಕೆಯಾದರೋ ಸ್ಥಿರವಲ್ಲ. ಮಳೆ ಕಡಿಮೆಯಿರುವ ಈ ತಾಲೂಕಿನಿಂದ ಅನೇಕ ಕುಟುಂಬಗಳು ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಗುಳೆ ಹೊರಟು ಬೇಸಗೆಯಲ್ಲಿ ಮರಳುತ್ತವೆ. ಜೂನ್ ತಿಂಗಳಿನಲ್ಲಿ ಹೆಸರು ಬರೆಸಿದ ಮಗು ಪುಸ್ತಕದಲ್ಲಿ ಉಳಿಯುತ್ತದೆ, ತರಗತಿಯಲ್ಲಿ ಉಳಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿಗಳು 5 ಇರುವುದರಿಂದ ಒಬ್ಬೊಬ್ಬರು ಏಕಕಾಲಕ್ಕೆ ಎರಡು ಮೂರು ತರಗತಿಗಳನ್ನು ನಡೆಸಬೇಕು; ಒಬ್ಬರು ರಜೆ ಹೋದರೆ ಐದನ್ನೂ ಮತ್ತೊಬ್ಬರೇ ನೋಡಬೇಕು. ಕಲಿಕೆ ಸೊರಗಿದರೆ ಅನುಕೂಲವುಳ್ಳ ಪಾಲಕರು ಮಕ್ಕಳನ್ನು ಅನ್ಯಮಾಧ್ಯಮದ ಶಾಲೆಗೆ ಸೇರಿಸುತ್ತಾರೆ. ಸಂಖ್ಯೆ ಇಳಿದಂತೆ ಶಿಕ್ಷಕರ ಹುದ್ದೆಯೂ ಇಳಿಯುತ್ತದೆ. ಹೀಗೆ ಪರಿಣಾಮವೇ ಮುಂದೆ ಕಾರಣವಾಗುತ್ತದೆ.

ಇಲ್ಲಿ ಚರಿತ್ರೆಯ ಒಂದು ಪಾಠವನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಕರ್ನಾಟಕದ ಕನ್ನಡ ಊರುಗಳಲ್ಲಿಯೂ ಮರಾಠಿ ಶಾಲೆಗಳೇ ಇದ್ದವು. ಡೆಪ್ಯುಟಿ ಚನ್ನಬಸಪ್ಪನವರು ಅಲ್ಲಿ ಕನ್ನಡ ಶಾಲೆಗಳ ಸ್ಥಾಪನೆಗೂ ಶಿಕ್ಷಕರ ತರಬೇತಿಗೂ ಶ್ರಮಿಸಿದರು. ಕನ್ನಡದ ಮಕ್ಕಳು ಮೊದಲು ಸೇರಲಿ, ಆಮೇಲೆ ಕನ್ನಡ ಶಾಲೆ ತೆರೆಯೋಣವೆಂದು ಅವರು ಕಾದಿದ್ದರೆ ಆ ಶಾಲೆಗಳು ಹುಟ್ಟುತ್ತಲೇ ಇರಲಿಲ್ಲ. ಇಂದಿನ ನಿಯಮವು ಈ ಕ್ರಮವನ್ನು ತಿರುವುಮುರುವಾಗಿಸಿದೆ.

ಆದುದರಿಂದ ಹೊರನಾಡಿನ ಸಂಶೋಧಕರು ಶಾಲೆಗಳ ಅಧ್ಯಯನದಲ್ಲಿ ದಾಖಲಾತಿ, ತಿಂಗಳುವಾರು ಹಾಜರಿ, ಓದುಬರಹದ ಮಟ್ಟ ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಿಕೊಳ್ಳುವುದು ಅಗತ್ಯ. ಅಲ್ಲವಾದರೆ ಶಾಲೆಯೊಂದು ಮುಚ್ಚಿದಾಗ ಊರವರಿಗೆ ಕನ್ನಡ ಬೇಡವಾಯಿತೆಂಬ ತಪ್ಪು ತೀರ್ಮಾನವೇ ಚರಿತ್ರೆಯಾಗಿ ಉಳಿದೀತು.