ಸೂರ್ಯತಾಪದ ಸಂಗ್ರಹವೂ ಸಂರಕ್ಷಣವೂ

ಬಿಸಿಲನ್ನು ಮನುಷ್ಯನು ತನ್ನ ಉಪಯೋಗಕ್ಕೆ ತಂದುಕೊಂಡ ಕ್ರಮವನ್ನು ವಿಚಾರಮಾಡುವಲ್ಲಿ ಎರಡು ಉಪಾಯಗಳನ್ನು ವಿಂಗಡಿಸಿಕೊಳ್ಳುವುದು ಅವಶ್ಯಕವು. ಹರಡಿದ ಕಿರಣಗಳನ್ನು ಒಂದೆಡೆಗೆ ಕೂಡಿಸುವುದು ಮೊದಲನೆಯದು. ಬಂದ ತಾಪವನ್ನು ಹೊರಕ್ಕೆ ಹೋಗಗೊಡದೆ ಹಿಡಿದಿಡುವುದು ಎರಡನೆಯದು. ಇವೆರಡನ್ನೂ ಒಂದೆಂದೇ ಬಗೆದಲ್ಲಿ, ಇಂದಿನ ಸೌರಜಲತಾಪಕವು ಪ್ರಾಚೀನರಿಗೂ ವಿದಿತವಾಗಿದ್ದಿತೆಂಬ ಭ್ರಮೆಗೆ ಅವಕಾಶವುಂಟಾಗುತ್ತದೆ.

ಮೊದಲನೆಯ ಉಪಾಯಕ್ಕೆ ಸಂಸ್ಕೃತವಾಙ್ಮಯದಲ್ಲಿ ಸ್ಪಷ್ಟವಾದ ಆಧಾರವುಂಟು. ಯಾಸ್ಕಾಚಾರ್ಯರು ನಿರುಕ್ತದ ಏಳನೆಯ ಅಧ್ಯಾಯದಲ್ಲಿ ವೈಶ್ವಾನರಶಬ್ದವನ್ನು ವಿಮರ್ಶಿಸುತ್ತ, ಉಜ್ಜಿ ಶುಭ್ರಗೊಳಿಸಿದ ಕಂಚನ್ನಾಗಲಿ ಮಣಿಯನ್ನಾಗಲಿ ಸೂರ್ಯನಿಗೆ ಎದುರಾಗಿ ಹಿಡಿದಲ್ಲಿ, ಅದಕ್ಕೆ ಸೋಂಕದೆ ಇರುವ ಒಣಸಗಣಿಯು ಹೊತ್ತಿಕೊಳ್ಳುವುದೆಂದು ಹೇಳಿರುವರು. ಕಂಚು ಕಿರಣಗಳನ್ನು ಪ್ರತಿಫಲಿಸಿ ಕೂಡಿಸುವುದು. ಮಣಿಯು ಅವನ್ನು ಒಳಗೆ ಹಾಯಿಸಿ, ಬಾಗಿಸಿ ಕೂಡಿಸುವುದು. ಸೋಂಕಿಸಬಾರದೆಂಬ ನಿಯಮವನ್ನು ನೋಡಿದರೆ ಇದು ಪ್ರತ್ಯಕ್ಷಾನುಭವದಿಂದ ಬಂದ ಮಾತೆಂದು ತೋರುತ್ತದೆ. ಕಾಳಿದಾಸನ ಶಾಕುಂತಲದಲ್ಲಿ ಬರುವ ಸೂರ್ಯಕಾಂತದ ಉಪಮೆಗೂ ಇಂತಹ ಅನುಭವವೇ ಮೂಲವು. ಆದರೆ ನಿರುಕ್ತದ ಈ ಸ್ಥಳದಲ್ಲಿ ಪ್ರತಿಪಾದ್ಯವಾದುದು ಅಗ್ನಿಯ ಉತ್ಪತ್ತಿಯೇ ಹೊರತು ತಾಪದ ಧಾರಣವಲ್ಲ.

ಗಾಜಿನ ಕಿಟಕಿಯುಳ್ಳ ಕೋಣೆಯು ಬಿಸಿಲಿನಲ್ಲಿ ಬೆಚ್ಚಗಾಗುವುದು ಯೂರೋಪಿನಲ್ಲಿ ಬಹುಕಾಲದಿಂದ ಪರಿಚಿತವಾಗಿದ್ದಿತು. ಅದನ್ನು ಅಳತೆಗೆ ತಂದವನು ಜಿನೀವಾ ನಗರದ ವಿದ್ವಾಂಸನಾದ ಹೊರೇಸ್ ಬೆನೆಡಿಕ್ಟ್ ಡ ಸೋಸ್ಯೂರ್. ಅವನು ೧೭೬೭ನೆಯ ಇಸವಿಯಲ್ಲಿ ಐದು ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದರಂತೆ ಕರಿಯ ಹಲಗೆಯ ಮೇಲಿರಿಸಿ ಬಿಸಿಲಿಗೊಡ್ಡಲು, ಒಳಗಿನ ಪೆಟ್ಟಿಗೆಯಲ್ಲಿ ಉಷ್ಣವು ಸುಮಾರು ೮೭ ಸೆಂಟಿಗ್ರೇಡ್ ಡಿಗ್ರಿಗೇರಿತು. ಅನಂತರ ಒಳಮೈಗೆ ಕರಿಯ ಬೆಂಡನ್ನು ಹೊದಿಸಿ ಮೂರು ಗಾಜುಗಳಿಂದ ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಅದು ನೀರಿನ ಕುದಿಯುವ ಅಂಶವನ್ನೂ ಮೀರಿತು. ಇದನ್ನೇ ಆಲ್ಪ್ಸ್ ಪರ್ವತದ ಶೀತಲವಾದ ಶಿಖರದ ಮೇಲೂ ಕೆಳಗಿನ ಬಯಲಿನಲ್ಲಿಯೂ ಇರಿಸಿ ನೋಡಲು, ಒಳಗಿನ ಉಷ್ಣವು ಎರಡೆಡೆಯಲ್ಲಿಯೂ ಬಹುಮಟ್ಟಿಗೆ ಸಮವಾಗಿದ್ದಿತು. ಕಾವಿಗೆ ಕಾರಣವು ಸುತ್ತಲಿನ ಗಾಳಿಯಲ್ಲ, ಬಿಸಿಲೇ ಎಂಬುದು ಇದರಿಂದ ಸಿದ್ಧವಾಯಿತು. ಇಲ್ಲಿ ದರ್ಪಣವಿಲ್ಲ, ಮಣಿಯಿಲ್ಲ. ಕರಿಯ ಮೈ ಬೆಳಕನ್ನು ಹೀರಿ ಕಾಯುವುದು. ಆ ಮೈ ಹೊಮ್ಮಿಸುವ ಕಣ್ಣಿಗೆ ಕಾಣದ ತಾಪಕಿರಣವನ್ನು ಗಾಜು ತಡೆಯುವುದು, ಒಳಗಿನ ಬಿಸಿಗಾಳಿಯನ್ನೂ ಹೊರಕ್ಕೆ ಬಿಡದು.

ಈ ಪೆಟ್ಟಿಗೆಯೇ ಜಲತಾಪಕದ ಬೀಜವು. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಎಂಬವನು ನೀರಿನ ತೊಟ್ಟಿಗಳನ್ನು ಗಾಜು ಮುಚ್ಚಿದ ಪೆಟ್ಟಿಗೆಯೊಳಗಿಟ್ಟು ೧೮೯೧ರಲ್ಲಿ ಹಕ್ಕುಪತ್ರವನ್ನು ಪಡೆದನು. ತೊಟ್ಟಿಯೇ ಪೆಟ್ಟಿಗೆಯೊಳಗಿದ್ದುದರಿಂದ ಹಗಲು ಗಳಿಸಿದ ತಾಪವು ರಾತ್ರಿಯಲ್ಲಿ ನಷ್ಟವಾಗುತ್ತಿದ್ದಿತು. ಕ್ಯಾಲಿಫೋರ್ನಿಯದ ವಿಲಿಯಂ ಬೇಯ್ಲಿಯು ೧೯೦೯ರಲ್ಲಿ ತೊಟ್ಟಿಯನ್ನು ಬೇರ್ಪಡಿಸಿ, ಅದಕ್ಕೆ ತಾಪರೋಧಕವಾದ ಹೊದಿಕೆಯನ್ನು ಹೊದಿಸಿ, ಮೇಲೆ ಇರಿಸಿದನು. ಕೊಳವೆಗಳಲ್ಲಿ ಕಾದ ನೀರು ಹಗುರವಾಗಿ ತೊಟ್ಟಿಗೇರುವುದು. ತಣ್ಣೀರು ಭಾರದಿಂದ ಕೆಳಕ್ಕಿಳಿಯುವುದು. ಬೆಂಗಳೂರಿನ ಮನೆಗಳ ತಾರಸಿಗಳ ಮೇಲೆ ಕಾಣುವ ಜಲತಾಪಕಗಳಲ್ಲಿ ನಡೆಯುವುದೂ ಇದೇ ವ್ಯಾಪಾರ. ಗಾಜಿನ ನಳಿಗೆಯ ಎರಡು ಪದರಗಳ ನಡುವಣ ಗಾಳಿಯನ್ನು ತೆಗೆದು ಶೂನ್ಯವನ್ನೇ ಕಾವಲಿಟ್ಟಿರುವುದು ಅನಂತರದ ಪರಿಷ್ಕಾರವು.

೧೯೨೦ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಭೂಗರ್ಭದ ಅನಿಲವು ಅಗ್ಗವಾಗಿ ದೊರೆಯಲು ಈ ತಾಪಕಗಳು ಹಿಂದೆ ಬಿದ್ದುವು. ೧೯೭೩ರಲ್ಲಿ ತೈಲದ ಬೆಲೆಯೇರಿದ ಬಳಿಕ ಹಲವು ದೇಶಗಳಲ್ಲಿ ಸೂರ್ಯತಾಪಕ್ಕೆ ಪುನಃ ಆದರವುಂಟಾಯಿತು. ವಿದ್ಯೆಯು ಇದ್ದರೂ ಅದರ ಬಳಕೆಯು ಇಂಧನದ ಬೆಲೆಗೆ ಅಧೀನವಾಗಿದ್ದಿತೆಂಬುದು ಇದರಿಂದ ಸ್ಪಷ್ಟವು.

ಕನ್ನಡದಲ್ಲಿ ‘ಕಾಯ್’ ಎಂಬ ಧಾತುವಿಗೆ ಬಿಸಿಯಾಗುವುದೆಂದೂ ರಕ್ಷಿಸುವುದೆಂದೂ ಎರಡು ಅರ್ಥಗಳುಂಟು. ಶಬ್ದದಲ್ಲಿ ಇವು ಕೂಡಿರುವುವಾದರೂ ವಿದ್ಯೆಯ ಚರಿತ್ರೆಯಲ್ಲಿ ಬೇರೆಬೇರೆ. ಬಿಸಿಲಿನಿಂದ ಬೆಂಕಿಯನ್ನು ಪಡೆಯುವ ಪ್ರಯೋಗವನ್ನು ನೋಡಿ ಬರೆದಿಟ್ಟ ಯಶಸ್ಸು ಯಾಸ್ಕರದು; ಬಂದ ಕಾವನ್ನು ಕಾದಿಡುವ ಬಗೆಯನ್ನು ಅಳೆದು ತೋರಿಸಿದ ಯಶಸ್ಸು ಸೋಸ್ಯೂರನದು. ಒಬ್ಬರ ಯಶಸ್ಸನ್ನು ಮತ್ತೊಬ್ಬರಿಗೆ ಆರೋಪಿಸುವುದರಿಂದ ಇಬ್ಬರಿಗೂ ಗೌರವವುಂಟಾಗದು.